ಹತ್ತು ಅಡಿ ದೂರದ ಕನ್ನಡ

ಕಳೆದ ದಸರೆಯ ರಜೆಯಲ್ಲಿ ಹವಳಗಾಕ್ಕೆ ಹೋಗಿದ್ದೆ. ಸಂಜೆಯ ದೀಪ ಹಚ್ಚಿ ಆಗಿತ್ತು. ಪಡಸಾಲೆಯಲ್ಲಿ ನಮ್ಮ ತಾಯಿ ಗೋಡೆಗೆ ಒರಗಿ, ಕೈಯಲ್ಲಿ ರಿಮೋಟು ಹಿಡಿದು, ಎದುರಿನ ದೊಡ್ಡ ಪರದೆಯನ್ನು ನೋಡುತ್ತ ಕುಳಿತಿದ್ದರು. ಪರದೆಯ ಮೇಲೆ ಚಿತ್ರವಾವುದೂ ಇರಲಿಲ್ಲ. ಸಿಗ್ನಲ್ ಇಲ್ಲವೆಂಬ ಅರ್ಥದ ಎರಡು ಇಂಗ್ಲಿಷ್ ಶಬ್ದಗಳು ನೀಲಿಯ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೇಲಾಡುತ್ತಿದ್ದವು.

“ಎಷ್ಟೊತ್ತಾತು ಯವ್ವಾ ಹಿಂಗ ಕುಂತು?” ಎಂದು ಕೇಳಿದೆ.

“ಕರೆಂಟ್ ಹೋಗಿ ಬಂತು ನೋಡು, ಆವಾಗಿಂದ ಹಿಂಗೇ ಅದ. ಹುಡುಗರು ಬರ್ಲಿ ಅಂತ ಕುಂತೀನಿ. ನಾ ಏನರ ಒತ್ತಿದರ ಇದ್ದದ್ದೂ ಕೆಟ್ಟು ಹೋಗ್ತದ.”

ಈ ಮಾತನ್ನು ಆಡಿದಾಕೆ ಸಾಮಾನ್ಯ ಹೆಂಗಸಲ್ಲ. ತಂದೆ ತೀರಿಕೊಂಡ ಮೇಲೆ ಹೊಲದ ಲೆಕ್ಕ, ಕಬ್ಬು ಕಡಿಯುವವರ ಕೂಲಿ, ಕಾರ್ಖಾನೆಯ ಚೀಟಿ, ಸೊಸೈಟಿಯ ಸಾಲ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು. ಅಂಥವರು ಅಂಗೈಯಗಲದ ಒಂದು ಪ್ಲಾಸ್ಟಿಕ್ಕಿನ ತುಂಡಿಗೆ ಹೆದರಿ, ತಮ್ಮದೇ ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗನ ದಾರಿ ಕಾಯುತ್ತ ಕುಳಿತಿದ್ದುದು ನನ್ನ ಮನಸ್ಸಿಗೆ ಹಿತವೆನಿಸಲಿಲ್ಲ. ತಪ್ಪು ಅವರದೆಂದು ಮನೆಯವರೆಲ್ಲರೂ, ಅವರೂ ಸಹ, ನಂಬಿದ್ದರು. ಆ ನಂಬಿಕೆ ಸರಿಯಲ್ಲವೆಂದು ಹೇಳುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಸಾಹಿತ್ಯದ ಪುಟದಲ್ಲಿ ರಿಮೋಟಿನ ಮಾತೇಕೆ ಎಂದು ಕೇಳುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು. ವಿಷಯ ಕೊನೆಗೆ ಭಾಷೆಯದೇ.

ಅಂದು ಆಗಿದ್ದುದು ಇಷ್ಟೆ. ವಿದ್ಯುತ್ತು ಹೋಗಿ ಬಂದಾಗ ಟೆಲಿವಿಷನ್ ತನ್ನ ಹಿಂದಿನ ನೆನಪನ್ನು ಬಿಟ್ಟು, ಏನೂ ಜೋಡಿಸದ ಬೇರೊಂದು ತೂತಿನ ಕಡೆಗೆ ಮುಖ ತಿರುಗಿಸಿತ್ತು. ಅದನ್ನು ಸರಿಪಡಿಸಬೇಕಾದರೆ ರಿಮೋಟಿನಲ್ಲಿ ‘ಸೋರ್ಸ್’ ಎಂಬ ಗುಂಡಿಯನ್ನು ಹುಡುಕಬೇಕು. ಆಮೇಲೆ ಪರದೆಯ ಮೇಲೆ ಬರುವ ‘ಎಚ್‌ಡಿಎಂಐ 1’, ‘ಎಚ್‌ಡಿಎಂಐ 2’, ‘ಎವಿ’ ಎಂಬ ಹೆಸರುಗಳಲ್ಲಿ ತನ್ನ ಸಿನೆಮಾ ಯಾವುದರ ಹಿಂದೆ ಅಡಗಿದೆಯೆಂದು ತಿಳಿದಿರಬೇಕು. ಇವು ತಂತಿಗಳ ಹೆಸರುಗಳು. ಬಾವಿಯಿಂದ ನೀರು ಸೇದಬೇಕಾದವನಿಗೆ ಹಗ್ಗವನ್ನು ಹೊಸೆದ ನಾರಿನ ಜಾತಿಯನ್ನು ಕೇಳಿದಂತಾಯಿತು. ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ರಿಮೋಟುಗಳಿದ್ದವು: ಟೆಲಿವಿಷನ್ನಿನದು ಒಂದು, ಡಬ್ಬಿಯದು ಒಂದು, ಧ್ವನಿಪೆಟ್ಟಿಗೆಯದು ಒಂದು. ಕುತೂಹಲಕ್ಕೆ ಎಣಿಸಿದೆ, ಮೂರರಲ್ಲೂ ಕೂಡಿ 112 ಗುಂಡಿಗಳು. ತಾಯಿಯವರು ಬಳಸುತ್ತಿದ್ದುದು ಐದು.

ಈ ಉಪಕರಣ ಹುಟ್ಟಿದಾಗ ಹೀಗಿರಲಿಲ್ಲ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ತಂತಿಯಿಂದ ಕಟ್ಟಿದ ಒಂದು ರಿಮೋಟನ್ನು ಮಾರಾಟಕ್ಕೆ ತಂದಿತು. ಅದರ ಹೆಸರೇ ಸೋಮಾರಿಯ ಎಲುಬು ಎಂಬ ಅರ್ಥದ್ದು. 1955ರಲ್ಲಿ ಯೂಜೀನ್ ಪೋಲಿ ಎಂಬಾತ ಬೆಳಕಿನ ಕಿರಣದಿಂದ ಕೆಲಸಮಾಡುವುದನ್ನು ರಚಿಸಿದ. ಮರುವರ್ಷವೇ ರಾಬರ್ಟ್ ಆಡ್ಲರ್ ಎಂಬ ವಿಜ್ಞಾನಿ ಅದಕ್ಕಿಂತ ಗಟ್ಟಿಯಾದದ್ದನ್ನು ಮಾಡಿದ. ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಗುಂಡಿಯನ್ನು ಒತ್ತಿದರೆ ಒಂದು ಸಣ್ಣ ಸುತ್ತಿಗೆ ಅಲ್ಯೂಮಿನಿಯಮ್ಮಿನ ಸರಳನ್ನು ಬಡಿಯುತ್ತಿತ್ತು. ಮನುಷ್ಯನ ಕಿವಿಗೆ ಕೇಳದ ಆ ನಾದವನ್ನು ಟೆಲಿವಿಷನ್ ಕೇಳಿಸಿಕೊಳ್ಳುತ್ತಿತ್ತು. ಸರಳುಗಳು ನಾಲ್ಕು, ಗುಂಡಿಗಳು ನಾಲ್ಕು: ಹಚ್ಚುವುದು-ಆರಿಸುವುದು, ಸದ್ದಡಗಿಸುವುದು, ಮುಂದಿನ ಚಾನೆಲು, ಹಿಂದಿನ ಚಾನೆಲು. ಇನ್ನೊಂದು ಕೆಲಸ ಸೇರಿಸಬೇಕಾದರೆ ಇನ್ನೊಂದು ಸರಳನ್ನು ತೂಗುಹಾಕಬೇಕಾಗಿತ್ತು. ಆ ಲೋಹದ ಬೆಲೆಯೇ ರಚನಕಾರನ ಕೈ ಹಿಡಿದು ಸಂಯಮ ಕಲಿಸಿತು. ಇಂದು ಗುಂಡಿಯೊಂದನ್ನು ಸೇರಿಸುವುದಕ್ಕೆ ಬಿಡಿಗಾಸು, ಪರದೆಯ ಮೇಲೆ ಪಟ್ಟಿಗೊಂದು ಸಾಲು ಸೇರಿಸುವುದಕ್ಕೆ ಅದೂ ಇಲ್ಲ. ಅಷ್ಟೇ ಅಲ್ಲ, ಚಲನಚಿತ್ರಗಳನ್ನು ಬಿತ್ತರಿಸುವ ಕಂಪನಿಗಳು ತಮ್ಮ ಹೆಸರಿನ ಗುಂಡಿಯನ್ನು ರಿಮೋಟಿನ ಮೇಲೆ ಕೂರಿಸಲು ಎದುರು ಹಣ ಕೊಡುತ್ತವೆ. ಸಂಯಮಕ್ಕೆ ಕೂಲಿ ಸಿಕ್ಕದ ಕಡೆ ಸಂಯಮ ಉಳಿಯುವುದು ಕಷ್ಟ.

ನಮ್ಮ ಜಿಲ್ಲೆಗೆ ಟೆಲಿವಿಷನ್ ಹೊಸತಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳು ಅರಿಯರು. ಬೆಂಗಳೂರಿಗೆ ಬರುವುದಕ್ಕಿಂತ ಎಷ್ಟೋ ಮುಂಚೆ ಅದು ಕಲಬುರಗಿಯ ಹಳ್ಳಿಗಳಿಗೆ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ತಲುಪಿಸುವ ‘ಸೈಟ್’ ಪ್ರಯೋಗವನ್ನು ಇಸ್ರೋ ಸಂಸ್ಥೆ ನಡೆಸಿತು. ಕರ್ನಾಟಕದಲ್ಲಿ ಅದಕ್ಕಾಗಿ ಆಯ್ದುಕೊಂಡದ್ದು ಅಂದಿನ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರು ಅಗಲದ ಬುಟ್ಟಿಯೊಂದು ಶಾಲೆಯ ಅಂಗಳದಲ್ಲಿ ಆಕಾಶಕ್ಕೆ ಬಾಯ್ದೆರೆದು ನಿಲ್ಲುತ್ತಿತ್ತು. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು, ಕುಣಿತ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಕಲಬುರಗಿಯಲ್ಲಿ ದೂರದರ್ಶನದ ಕೇಂದ್ರವೇ ಆಯಿತು.

ನಮ್ಮ ತಾಯಿಗೆ ಆಗ ಇಪ್ಪತ್ತರ ಪ್ರಾಯ. ತವರಿನ ಹಳ್ಳಿಯಲ್ಲಿ ಅವರು ಅದನ್ನು ನೋಡಿದ್ದಾರೆ. “ಮಾಸ್ತರು ಬಂದು ಪೆಟಗಿ ಬಾಗಲಾ ತಗದು ಗುಂಡಿ ತಿರುವಿದರ ಮುಗೀತು, ಚಿತ್ರ ಬರ್ತಿತ್ತು. ಮುಗದ ಮ್ಯಾಲ ಬಾಗಲಾ ಹಾಕಿ ಕೀಲಿ ಹಾಕ್ತಿದ್ರು” ಎಂದು ಈಗಲೂ ಹೇಳುತ್ತಾರೆ. ಈ ವರ್ಣನೆಯಲ್ಲಿ ಒಂದು ಸ್ವಾರಸ್ಯವಿದೆ. ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ಉಪಗ್ರಹ, ಅಹಮದಾಬಾದಿನಲ್ಲಿ ಭೂಕೇಂದ್ರ, ನಡುವೆ ನೂರಾರು ಎಂಜಿನಿಯರುಗಳ ನಿದ್ದೆಗೆಟ್ಟ ದುಡಿಮೆ. ಅಷ್ಟೆಲ್ಲದರ ಈ ತುದಿಯಲ್ಲಿ, ಹಳ್ಳಿಯ ಮಾಸ್ತರರ ಬೆರಳಿಗೆ ಸಿಕ್ಕುತ್ತಿದ್ದುದು ಒಂದು ಗುಂಡಿ. ತೊಡಕನ್ನೆಲ್ಲ ತಾವು ಹೊತ್ತು, ಸರಳತೆಯನ್ನು ಹಳ್ಳಿಗೆ ಬಿಟ್ಟವರು ಆ ಎಂಜಿನಿಯರುಗಳು. ನಿಜ, ಅಂದು ಆರಿಸಿಕೊಳ್ಳಲು ಎರಡನೆಯ ಕಾರ್ಯಕ್ರಮವೇ ಇರಲಿಲ್ಲ. ಆಯ್ಕೆಯಿಲ್ಲದಾಗ ಸರಳವಾಗಿರುವುದು ದೊಡ್ಡ ಸಾಧನೆಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆ ಕೀಲಿಯ ಮಾತೂ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೂ ಐವತ್ತು ವರ್ಷಗಳ ಹಿಂದೆ ಹೆದರದೆ ಟೆಲಿವಿಷನ್ನಿನ ಮುಂದೆ ಕುಳಿತ ಹುಡುಗಿ, ಇಂದು ಎಪ್ಪತ್ತರ ವಯಸ್ಸಿನಲ್ಲಿ ಅದಕ್ಕೆ ಹೆದರುತ್ತಾಳೆಂದರೆ ನಡುವೆ ಕೆಟ್ಟದ್ದು ಆಕೆಯ ಬುದ್ಧಿಯಲ್ಲ.

ಹೋಮ್ ಥಿಯೇಟರಿನ ತಂತ್ರಾಂಶವನ್ನು ರಚಿಸುವವರಲ್ಲಿ ಒಂದು ಮಾತುಂಟು: ಇದು ಹತ್ತು ಅಡಿಯ ಪರದೆ. ಕಂಪ್ಯೂಟರನ್ನು ಎರಡು ಅಡಿಯಿಂದ ಮೈ ಬಾಗಿಸಿ ನೋಡುತ್ತೇವೆ. ಟೆಲಿವಿಷನ್ನನ್ನು ಹತ್ತು ಅಡಿಯಿಂದ ಒರಗಿ ನೋಡುತ್ತೇವೆ. ಅಲ್ಲಿ ಇಲಿಯಿಲ್ಲ, ಬೆರಳಿಗೆ ತಾಕುವ ಗಾಜಿಲ್ಲ. ಮೇಲೆ, ಕೆಳಗೆ, ಎಡ, ಬಲ, ಸರಿ, ಹಿಂದಕ್ಕೆ ಎಂಬ ಆರು ಮಾತುಗಳಲ್ಲಿ ಎಲ್ಲ ವ್ಯವಹಾರ ನಡೆಯಬೇಕು. ಈ ಆರು ಮಾತುಗಳ ಬಡತನವನ್ನು ಮರೆತು ಕಂಪ್ಯೂಟರಿನ ಪರದೆಯನ್ನೇ ತಂದು ಗೋಡೆಗೆ ತೂಗುಹಾಕಿದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ಹುಡುಕಬೇಕೆನ್ನಿ. ಪರದೆಯ ಮೇಲೆ ಅಕ್ಷರಗಳ ಚೌಕ ಮೂಡುತ್ತದೆ. ಸ್ವರಚಿಹ್ನೆ, ಹಲಂತಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಈ ಹೆಸರಿನ ಒಂದೊಂದು ಶಬ್ದಕ್ಕೂ ಎಂಟೆಂಟು ಗುರುತುಗಳು, ನಡುವೆ ಒಂದು ತೆರಪು, ಒಟ್ಟು ಹದಿನೇಳು. ಒಂದು ಗುರುತಿನಿಂದ ಇನ್ನೊಂದಕ್ಕೆ ಬಾಣದ ಗುಂಡಿಯಿಂದ ನಡೆದು ಹೋಗಿ ಒತ್ತಲು ಸರಾಸರಿ ಐದು ಒತ್ತುಗಳೆಂದು ಹಿಡಿದರೂ ಎಂಬತ್ತೈದು ಸಲ ಹೆಬ್ಬೆರಳು ದುಡಿಯಬೇಕು. ಬ್ರಿಟಿಷರ ಮೇಲೆ ಚೆನ್ನಮ್ಮ ಹೂಡಿದ ಯುದ್ಧಕ್ಕೆ ಇದಕ್ಕಿಂತ ಕಡಿಮೆ ಸಿದ್ಧತೆ ಸಾಕಾಗಿತ್ತೇನೋ!

ಪಟ್ಟಿಯಲ್ಲಿ ಎಷ್ಟು ಸಾಲುಗಳಿರಬೇಕೆಂಬ ಪ್ರಶ್ನೆಗೆ ಹಲವರು 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಬರೆದ ಲೇಖನವನ್ನು ಮುಂದೆ ಮಾಡಿ ‘ಏಳು’ ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ. ಮಿಲ್ಲರ್ ಹೇಳಿದ್ದು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವ ಶಕ್ತಿಯ ಬಗ್ಗೆ. ಪಟ್ಟಿಯೋ ಕಣ್ಣೆದುರಿಗೇ ಇರುತ್ತದೆ, ನೆನಪಿಡುವ ಪ್ರಮೇಯವಿಲ್ಲ. ಅದಕ್ಕಿಂತ 1952ರಲ್ಲಿ ವಿಲಿಯಂ ಹಿಕ್ ಮಾಡಿದ ಪ್ರಯೋಗ ನಮಗೆ ಹತ್ತಿರದ್ದು. ಆಯ್ಕೆಗಳು ಎರಡರಷ್ಟಾದಾಗ ನಿರ್ಧಾರದ ಹೊತ್ತು ಎರಡರಷ್ಟಾಗುವುದಿಲ್ಲ, ಒಂದು ಮೆಟ್ಟಿಲು ಮಾತ್ರ ಏರುತ್ತದೆ ಎಂಬುದು ಅದರ ಸಾರ. ಎಂದರೆ ಪರಿಚಿತವಾದ ಪಟ್ಟಿ ಒಂದೆರಡು ಸಾಲು ಉದ್ದವಾದರೆ ಕೇಡಿಲ್ಲ. ಕೇಡಿರುವುದು ಆಳದಲ್ಲಿ. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು ಪಟ್ಟಿ. ಮೂರನೆಯ ಬಾಗಿಲು ದಾಟಿದ ಮೇಲೆ ತಾನು ಯಾವ ಮನೆಯೊಳಗೆ ಇದ್ದೇನೆಂಬುದೇ ಮರೆತುಹೋಗುತ್ತದೆ. ಆಗ ಮನುಷ್ಯನನ್ನು ಕಾಪಾಡುವುದು ‘ಹಿಂದಕ್ಕೆ’ ಎಂಬ ಗುಂಡಿ ಒಂದೇ. ಎಷ್ಟು ಒತ್ತಿದರೂ ಏನನ್ನೂ ಕೆಡಿಸದೆ ಮೊದಲಿನ ಜಾಗಕ್ಕೆ ತಂದು ಬಿಡುವ ಗುಂಡಿ ಒಂದಿದೆಯೆಂಬ ಭರವಸೆ ಇದ್ದರೆ ಎಪ್ಪತ್ತರ ಮುದುಕಿಯೂ ಧೈರ್ಯವಾಗಿ ಒಳಗೆ ಕಾಲಿಡುತ್ತಾಳೆ. ನಾನು ನೋಡಿದ ಉಪಕರಣಗಳಲ್ಲಿ ಈ ಗುಂಡಿ ಒಂದು ಕಡೆ ಪಟ್ಟಿಯನ್ನು ಮುಚ್ಚುತ್ತದೆ, ಇನ್ನೊಂದು ಕಡೆ ಸಿನೆಮಾವನ್ನೇ ನಿಲ್ಲಿಸುತ್ತದೆ, ಮತ್ತೊಂದು ಕಡೆ ‘ನಿಜವಾಗಿಯೂ ಹೊರಹೋಗಬೇಕೆ?’ ಎಂದು ಇಂಗ್ಲಿಷಿನಲ್ಲಿ ಗದರಿಸುತ್ತದೆ.

ಟೀಕಿಸುವುದು ಸುಲಭ. ನಾನೇ ಒಂದು ಪಟ್ಟಿ ಮಾಡಿ ನೋಡುವೆನೆಂದು ಹೊರಟೆ. ಕೋಡಿ ಎಂಬ ಹೆಸರಿನ ಒಂದು ತಂತ್ರಾಂಶವಿದೆ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಕೆಲವು ಹವ್ಯಾಸಿಗಳು ಬರೆಯತೊಡಗಿದ್ದು ಬೆಳೆದು ಬಂದು, 2014ರಲ್ಲಿ ಈ ಹೆಸರನ್ನು ಪಡೆಯಿತು. ಹಣ ಕೊಡಬೇಕಾಗಿಲ್ಲ; ಅದರ ಒಡಲನ್ನು ಯಾರು ಬೇಕಾದರೂ ಬಿಚ್ಚಿ ತಿದ್ದಬಹುದು. ಪರದೆಯ ಮೇಲಿನ ಸಾಲುಗಳು, ಅವುಗಳ ಹೆಸರುಗಳು, ರಿಮೋಟಿನ ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂಬ ಒಪ್ಪಂದ, ಎಲ್ಲವೂ ಓದಲು ಬರುವಂಥ ಕಡತಗಳಲ್ಲಿವೆ. ಅಂಗೈಯಲ್ಲಿ ಹಿಡಿಸುವ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರಿನಲ್ಲಿ ಅದು ಓಡುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ಅದನ್ನು ಕೂಡಿಸಿದೆವು. ಟೆಲಿವಿಷನ್ನಿನ ಸ್ವಂತ ರಿಮೋಟೇ ಅದಕ್ಕೂ ಸಾಕಾಗುತ್ತದೆ. ತಂತಿಯೊಳಗಿನಿಂದಲೇ ಒತ್ತುಗಳು ಹಾದು ಹೋಗುತ್ತವೆ. ವಿದ್ಯುತ್ತು ಹೋಗಿ ಬಂದಾಗ ಪುಟ್ಟ ಕಂಪ್ಯೂಟರು ತಾನೇ ಎಚ್ಚತ್ತು, ಟೆಲಿವಿಷನ್ನಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ನೀಲಿ ಪರದೆಯ ಕಾಟ ಅಲ್ಲಿಗೆ ಮುಗಿಯಿತು. ಎರಡು ರಿಮೋಟುಗಳನ್ನು ಬಟ್ಟೆಯಲ್ಲಿ ಸುತ್ತಿ ಮಾಡದೊಳಗೆ ಇಟ್ಟೆವು.

ಇನ್ನು ಹೆಸರುಗಳು. ಇಲ್ಲಿಂದ ಮುಂದಿನದು ನನ್ನದೇ ಸೋಲಿನ ಕಥೆ. ಕನ್ನಡ ಎಂ.ಎ. ಮಾಡಿದವನ ಕೈಗೆ ನಾಮಕರಣದ ಅಧಿಕಾರ ಬಂದರೆ ಏನಾಗಬೇಕೋ ಅದೇ ಆಯಿತು. ‘ಚಲನಚಿತ್ರ ಸಂಗ್ರಹ’, ‘ಸಂಗೀತ ವಿಭಾಗ’, ‘ಛಾಯಾಚಿತ್ರಗಳು’, ‘ವಿರಾಮ’, ‘ನಿರ್ಗಮನ’ ಎಂದು ಗಂಭೀರವಾಗಿ ಬರೆದು, ಇಂಗ್ಲಿಷಿನ ದಾಸ್ಯದಿಂದ ನಮ್ಮ ಪಡಸಾಲೆಯನ್ನು ಬಿಡಿಸಿದೆನೆಂದು ಬೀಗಿದೆ. ತಾಯಿ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಕೂಡಿಸಿ ಓದಿದರು. ಓದಲು ಬಂತು. ಆಮೇಲೆ ಕೇಳಿದರು: “ಭಾಳ ಛಲೋ ಅದ ತಮ್ಮಾ. ಇದರಾಗ ನಿಮ್ಮಪ್ಪನ ಫೋಟೋ ಎಲ್ಲಿ ಅದ?”

‘ಛಾಯಾಚಿತ್ರಗಳು’ ಎಂಬ ಸಾಲಿನ ಮೇಲೆಯೇ ಬೆಳಕು ನಿಂತಿತ್ತು.

ಆ ರಾತ್ರಿ ನನಗೆ ಮಳಖೇಡದ ನೆನಪಾಯಿತು. ಒಂಬತ್ತನೆಯ ಶತಮಾನದಲ್ಲಿ ನಮ್ಮದೇ ಜಿಲ್ಲೆಯ ಆ ರಾಜಧಾನಿಯಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಸಂಸ್ಕೃತ-ಕನ್ನಡಗಳನ್ನು ವಿವೇಕವಿಲ್ಲದೆ ಬೆಸೆಯುವವರನ್ನು ಗದರಿಸಿತ್ತು. ಓದುಬರಹದ ಅಭ್ಯಾಸವಿಲ್ಲದ ಜನರ ಮಾತಿನ ಜಾಣ್ಮೆಯನ್ನು ಮೆಚ್ಚಿಕೊಂಡಿತ್ತು. ಇಪ್ಪತ್ತು ವರ್ಷಗಳಿಂದ ಅದನ್ನು ತರಗತಿಯಲ್ಲಿ ಪಾಠ ಹೇಳುತ್ತ ಬಂದವನು, ಮನೆಯ ಗೋಡೆಯ ಮೇಲೆ ಅದಕ್ಕೆ ವಿರುದ್ಧವಾಗಿ ನಡೆದಿದ್ದೆ.

ಮರುದಿನ ಬೇರೆ ಉಪಾಯ ಮಾಡಿದೆ. ತಾಯಿಯ ಪಕ್ಕದಲ್ಲಿ ಕುಳಿತು, ಮೊಮ್ಮಗನಿಗೆ ಅವರು ಏನೇನು ಹೇಳುತ್ತಾರೆಂದು ಕಿವಿಗೊಟ್ಟು ಬರೆದುಕೊಂಡೆ. “ಟೀವಿ ಹಚ್ಚು.” “ಒಂದೀಟು ತಡಿ, ಯಾರೋ ಬಂದಾರ.” “ಹಿಂದಕ್ಕ ಹೋಗು.” “ಮನಿಮಂದಿದು ತೋರಸು.” “ಸಾಕು, ಬಂದ್ ಮಾಡು.” ಪಟ್ಟಿ ತಾನಾಗಿಯೇ ಸಿದ್ಧವಾಗಿತ್ತು. ಮೊದಲ ಪುಟದಲ್ಲಿ ಐದೇ ಸಾಲು: ‘ಟೀವಿ’, ‘ಸಿನೆಮಾ’, ‘ಹಾಡು’, ‘ಮನಿಮಂದಿ’, ‘ಬಂದ್ ಮಾಡು’. ಚಿತ್ರ ಓಡುತ್ತಿರುವಾಗ ‘ಹಚ್ಚು’, ‘ತಡಿ’, ‘ಹಿಂದಕ್ಕ’. ಉಳಿದುದನ್ನೆಲ್ಲ ಮೊದಲ ಪುಟದಿಂದ ಮರೆಮಾಡಿದೆ. ಸಿನೆಮಾಗಳಲ್ಲಿ ಹುಡುಕಾಟವಿಲ್ಲ, ಅವರು ನೋಡುವ ಇಪ್ಪತ್ತು ಮೂವತ್ತು ಚಿತ್ರಗಳು ಪೋಸ್ಟರಿನ ಸಮೇತ ಸಾಲಾಗಿ ನಿಲ್ಲುತ್ತವೆ. ‘ಬೇಡರ ಕಣ್ಣಪ್ಪ’ನನ್ನು ಗುರುತಿಸಲು ಅಕ್ಷರ ಬೇಕಾಗುವುದಿಲ್ಲ.

‘ತಡಿ’ ಎಂಬುದು ಬೆಂಗಳೂರಿನವರಿಗೆ ಅಶಿಷ್ಟವಾಗಿ ಕೇಳಬಹುದು. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ ನಕ್ಕು, ಜಿಲ್ಲೆಗೊಂದು ಪಟ್ಟಿ ಮಾಡುವುದು ಸಾಧ್ಯವೇ ಎಂದರು. ಕಾಗದದ ಮೇಲೆ ಅಚ್ಚು ಮಾಡುವ ಕಾಲದಲ್ಲಿ ಅದು ಸಾಧ್ಯವಿರಲಿಲ್ಲವೆಂದು ಒಪ್ಪುತ್ತೇನೆ. ಹೆಸರುಗಳ ಕಡತವೊಂದನ್ನು ಬದಲಾಯಿಸಿದರೆ ಸಾಕಾಗುವ ಕಾಲದಲ್ಲಿ ಅಸಾಧ್ಯವೆನ್ನುವುದು ಸೋಮಾರಿತನ. ಇನ್ನು, ಒಂದೇ ಕನ್ನಡ ಸಾಕು ಎನ್ನುವವರು ಕೊಡುತ್ತಿರುವ ಕನ್ನಡವಾದರೂ ಎಂಥದು? ಒಂದು ಉಪಕರಣದಲ್ಲಿ ಚಿತ್ರವನ್ನು ಓಡಿಸುವ ಗುಂಡಿಗೆ ‘ಆಟವಾಡು’ ಎಂದು ಬರೆದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಉಪಕರಣದಲ್ಲಿ ಮೊದಲ ಪುಟದ ಹೆಸರು ‘ಮನೆ’. “ಮನ್ಯಾಗೇ ಇದ್ದೀವಲ್ಲೋ” ಎಂದರು ನಮ್ಮ ತಾಯಿ. ಶಬ್ದಕ್ಕೆ ಶಬ್ದವಿಟ್ಟು ತೂಗುವ ಇಂಥ ಅನುವಾದದಲ್ಲಿ ಅನುವಾದಕನ ದೋಷ ಅರ್ಧ. ಆತನಿಗೆ ಒಂದು ಉದ್ದನೆಯ ಶಬ್ದಪಟ್ಟಿಯನ್ನು ಮಾತ್ರ ಕೊಟ್ಟಿರುತ್ತಾರೆ. ಯಾವ ಶಬ್ದ ಪರದೆಯ ಯಾವ ಮೂಲೆಯಲ್ಲಿ, ಯಾರ ಕಣ್ಣೆದುರಿಗೆ ಬರುವುದೆಂದು ಆತ ಕಂಡಿರುವುದಿಲ್ಲ. ಭಾಷಾಂತರಕಾರನನ್ನು ಹತ್ತು ಅಡಿ ದೂರದಲ್ಲಿ ಕೂರಿಸಿ, ಕೈಗೆ ರಿಮೋಟು ಕೊಟ್ಟು ಕೆಲಸ ಮಾಡಿಸಬೇಕು.

ಲಿಪಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ಅಕ್ಷರ ಗೆರೆಯ ಮೇಲೆ ನಿಲ್ಲುತ್ತದೆ. ನಮ್ಮ ಅಕ್ಷರಕ್ಕೆ ಕೆಳಗೆ ಒಂದು ನೆಲಮನೆ ಬೇಕು, ಅಲ್ಲಿ ಒತ್ತಕ್ಷರ ವಾಸಿಸುತ್ತದೆ. ಪಟ್ಟಿಯ ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕತ್ತರಿಸಿದರೆ ನೆಲಮನೆ ಮಣ್ಣುಪಾಲಾಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ‘ಹಚ್ಚು’ ಎಂಬುದು ‘ಹಚು’ ಆಗಿ, ‘ಹಿಂದಕ್ಕ’ ಎಂಬುದು ‘ಹಿಂದಕ’ ಆಗಿ ಕಾಣಿಸಿತು. ಅಕ್ಷರವನ್ನು ಚಿಕ್ಕದು ಮಾಡಿದರೆ ಒತ್ತು ಉಳಿಯುತ್ತದೆ, ಆದರೆ ಹತ್ತು ಅಡಿಯಿಂದ ಕಾಣುವುದಿಲ್ಲ. ಸಾಲುಗಳನ್ನು ಕಡಿಮೆ ಮಾಡಿ ಸಾಲಿನ ಎತ್ತರವನ್ನು ಹೆಚ್ಚಿಸುವುದೊಂದೇ ದಾರಿ. ಪಟ್ಟಿ ಐದು ಸಾಲಿಗೆ ನಿಂತದ್ದಕ್ಕೆ ತಾಯಿಯ ಮಾತು ಎಷ್ಟು ಕಾರಣವೋ ಕನ್ನಡದ ಒತ್ತಕ್ಷರವೂ ಅಷ್ಟೇ ಕಾರಣ.

ಇದೆಲ್ಲ ಹಳೆಯ ಚಿಂತೆ, ಇನ್ನು ಮುಂದೆ ಯಂತ್ರದೊಡನೆ ಮಾತನಾಡಿದರೆ ಸಾಕು ಎಂದು ನನ್ನ ವಿದ್ಯಾರ್ಥಿ ಹೇಳುತ್ತಾನೆ. ಇರಬಹುದು. ಅವನ ಫೋನಿನ ಮುಂದೆ ತಾಯಿಯವರನ್ನು ಕೂರಿಸಿ ಪರೀಕ್ಷೆಯನ್ನೂ ಮಾಡಿದೆವು. “ಅಣ್ಣಾವರದು ಹಳೀ ಸಿನೆಮಾ ಹಚ್ಚು” ಎಂದರು. ಅಣ್ಣನೊಬ್ಬನ ಮದುವೆಯ ಹಾಡು ಬಂತು. ಒಂದು ದಿನ ಅದು ಕಲಬುರಗಿಯ ಮಾತನ್ನು ಕಲಿತೀತು. ಕಲಿತ ಮೇಲೂ, ಮಗು ಮಲಗಿರುವ ಮನೆಯಲ್ಲಿ, ನೆಂಟರು ಕುಳಿತಿರುವ ಪಡಸಾಲೆಯಲ್ಲಿ, ಗೋಡೆಯನ್ನು ನೋಡಿ ಗಟ್ಟಿಯಾಗಿ ಆಜ್ಞೆ ಮಾಡುವುದಕ್ಕೆ ನಮ್ಮ ತಾಯಿ ನಾಚುತ್ತಾರೆ. ಮೌನವಾಗಿ ಒತ್ತುವ ಗುಂಡಿಗೆ ಒಂದು ಮರ್ಯಾದೆಯಿದೆ.

ಕಳೆದ ವಾರ ಊರಿನಿಂದ ಫೋನು ಬಂದಿತ್ತು. ಕಬ್ಬಿನ ಲಾರಿಗಳ ವಿಚಾರ, ಘತ್ತರಗಿಯ ಭಾಗ್ಯವಂತಿಗೆ ಹರಕೆ ಒಪ್ಪಿಸುವ ವಿಚಾರ ಎಲ್ಲ ಮುಗಿದ ಮೇಲೆ ತಾಯಿಯವರು ಒಂದು ತಕರಾರು ಹೇಳಿದರು. ರಾತ್ರಿ ಸಿನೆಮಾ ನೋಡುತ್ತ ನಿದ್ದೆ ಬಂದು ಬಂದ್ ಮಾಡಿದರೆ, ಮರುದಿನ ಅದೇ ಜಾಗಕ್ಕೆ ಹೋಗುವುದು ಹೇಗೆಂದು ತಿಳಿಯುತ್ತಿಲ್ಲವಂತೆ. ತಂತ್ರಾಂಶಕ್ಕೆ ಆ ಜಾಗ ನೆನಪಿರುತ್ತದೆ. ಅದನ್ನು ಮೊದಲ ಪುಟಕ್ಕೆ ತರುವುದನ್ನು ನಾನು ಮರೆತಿದ್ದೆ. ಆರನೆಯ ಸಾಲು ಸೇರಿಸಿದರೆ ಎತ್ತರ ಸಾಲದು, ಒತ್ತು ಮತ್ತೆ ಕತ್ತರಿಸೀತು ಎಂದು ನಾನು ಯೋಚಿಸುತ್ತಿರುವಾಗಲೇ ಅವರು, “ಹಾಡಿಂದು ತಗದು ಒಗಿ, ಅದು ಟೀವ್ಯಾಗೂ ಬರ್ತದ. ಆ ಜಾಗಾದಾಗ ‘ನಿನ್ನಿ ಬಿಟ್ಟಿದ್ದು’ ಅಂತ ಹಾಕು” ಎಂದರು. ಬರುವ ಶನಿವಾರ ಊರಿಗೆ ಹೊರಟಿದ್ದೇನೆ.